ಸಾಲ ಅವರದು, ಜಾಮೀನು ನಮ್ಮದು: ಅಡಿಕೆ ಸಂಘದ ಲೆಕ್ಕದ ತಂತ್ರಾಂಶವೊಂದರ ವಿಮರ್ಶೆ

ಶಿರಸಿಯ ನಮ್ಮ ಅಡಿಕೆ ಮಾರಾಟ ಸಹಕಾರಿ ಸಂಘವು 2014ರ ಏಪ್ರಿಲ್‌ನಿಂದ ಬಳಸುತ್ತ ಬಂದಿರುವ ಟೆಂಡರ್ ಮತ್ತು ಲೆಕ್ಕಪತ್ರ ತಂತ್ರಾಂಶದ ಬಗ್ಗೆ, ಅಷ್ಟೂ ವರ್ಷ ಅದರ ಉಸ್ತುವಾರಿ ನೋಡಿಕೊಂಡ ನೌಕರನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಯಾರಿಸಿದ ಸಂಸ್ಥೆ ಚಿಕ್ಕದು, ಏಳೆಂಟು ಜನರದು. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ದಾಕ್ಷಿಣ್ಯ ಒಂದು ಕಾರಣವಾದರೆ, ನಾನು ಎತ್ತಿ ತೋರಿಸಲಿರುವ ದೋಷದಲ್ಲಿ ಅರ್ಧ ಪಾಲು ನಮ್ಮದೇ ಎಂಬುದು ಇನ್ನೊಂದು ಕಾರಣ. ಜಿಲ್ಲೆಯ ಸಂಘಗಳಿಗೆ ಇಂಥ ತಂತ್ರಾಂಶ ಒದಗಿಸುವವರು ಬೇರೆಯವರೂ ಇದ್ದಾರೆ, ಅವರ ಗ್ರಾಹಕರಿಗೂ ಈ ಅನುಭವ ಉಪಯೋಗಕ್ಕೆ ಬರಬಹುದು.

ಮೊದಲು ಒಳ್ಳೆಯದನ್ನು ಹೇಳಬೇಕು. ಟೆಂಡರ್ ವಿಭಾಗವು ನಿಜಕ್ಕೂ ನಮ್ಮ ಕೆಲಸವನ್ನು ಬಲ್ಲವರು ಮಾಡಿದ್ದು. ರೈತನ ಮಾಲು ಬಂದಾಗ ಲಾಟ್ ಸಂಖ್ಯೆ ಬೀಳುವುದರಿಂದ ಹಿಡಿದು, ವ್ಯಾಪಾರಸ್ಥರು ಬರೆದ ದರಗಳಲ್ಲಿ ಪ್ರತಿ ಲಾಟಿನ ಗರಿಷ್ಠ ದರವನ್ನು ಆರಿಸುವುದು, ಚೀಲದ ತೂಕ ಕಳೆಯುವುದು, ಹಮಾಲಿ ಮತ್ತು ಇತರ ಖರ್ಚುಗಳನ್ನು ಲೆಕ್ಕ ಹಾಕುವುದು, ರೈತನ ಮೊಬೈಲಿಗೆ ಸಂದೇಶ ಕಳಿಸುವುದು, ಇವೆಲ್ಲ ಸರಾಗವಾಗಿ ನಡೆಯುತ್ತವೆ. ಮೂವರು ಗುಮಾಸ್ತರು ಕತ್ತಲಾಗುವವರೆಗೆ ಕುಳಿತು ಮಾಡುತ್ತಿದ್ದ ಪಟ್ಟಿ ಈಗ ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ. ದೂರವಾಣಿ ಮಾಡಿದರೆ ತಂತ್ರಾಂಶ ಬರೆದವರೇ ಮಾತಿಗೆ ಸಿಗುತ್ತಾರೆ. ಮಾರ್ಚ್ 31ರ ರಾತ್ರಿ ಹನ್ನೊಂದಕ್ಕೂ ಸಿಕ್ಕಿದ್ದಾರೆ. ಸೇವೆಗೆ ಅಂಕ ಕೊಡುವುದಾದರೆ ನಾನು ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಸಣ್ಣ ಕಿರಿಕಿರಿಗಳು ಇಲ್ಲದಿಲ್ಲ: ವರದಿಗಳ ಅಕ್ಷರ ತೀರ ಸಣ್ಣದು, ಒಂದೇ ಬಿಲ್ಲಿನ ಹಣ ಕೆಲವೊಮ್ಮೆ ರೈತನ ಖಾತೆಯಲ್ಲಿ ಎರಡು ಮೂರು ಸಾಲಾಗಿ ಮುದ್ರಣವಾಗುತ್ತದೆ, ಲೆಕ್ಕ ಪರಿಶೋಧಕರು ಪ್ರತಿ ವರ್ಷ ಅದನ್ನು ಕೇಳುತ್ತಾರೆ, ನಾವು ಪ್ರತಿ ವರ್ಷ ತಲೆ ಕೆರೆದುಕೊಳ್ಳುತ್ತೇವೆ.

ದೊಡ್ಡ ತೊಂದರೆ ಬೇರೆಡೆ ಇದೆ, ಮತ್ತು ಅದು ಇದೇ ಒಳ್ಳೆಯ ಸೇವೆಯ ಹೊಟ್ಟೆಯಲ್ಲಿ ಹುಟ್ಟಿದ್ದು. ನಮ್ಮ ಸಂಘಕ್ಕೆ ಶಿರಸಿಯ ಮುಖ್ಯ ಕಚೇರಿಯಲ್ಲದೆ ಸಿದ್ದಾಪುರ ಮತ್ತು ಕುಮಟಾದಲ್ಲಿ ಶಾಖೆಗಳಿವೆ. ಶಿರಸಿಯಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಮಾಲಿನ ವಿಂಗಡಣೆಯಾದರೆ, ಸಿದ್ದಾಪುರದಲ್ಲಿ ತಟ್ಟಿಬೆಟ್ಟೆ ಸೇರುತ್ತದೆ, ಘಟ್ಟ ಇಳಿದು ಕುಮಟಾಕ್ಕೆ ಹೋದರೆ ಹಳೆ ಚಾಲಿ, ಹೊಸ ಚಾಲಿ, ಕೋಕಾ, ಚಿಪ್ಪು ಎಂಬ ಬೇರೆಯೇ ಪಟ್ಟಿ. ಇವು ಇರಲೇಬೇಕಾದ ವ್ಯತ್ಯಾಸಗಳು. ಆದರೆ ಪ್ರತಿ ಶಾಖೆಯವರೂ ತಮ್ಮ ರೂಢಿಗೆ ತಕ್ಕಂತೆ ಬಿಲ್ಲಿನ ಆಕಾರ, ಹಮಾಲಿಯ ಲೆಕ್ಕ, ಪೈಸೆ ಪೂರ್ಣಗೊಳಿಸುವ ಕ್ರಮ ಎಲ್ಲವೂ ಬೇರೆಯಾಗಿರಲಿ ಎಂದು ಕೇಳಿದರು, ಸಂಸ್ಥೆಯವರು ಯಾರಿಗೂ ಇಲ್ಲ ಎನ್ನಲಿಲ್ಲ. ಶಿರಸಿಯ ತಂತ್ರಾಂಶವನ್ನು ಹಾಗೆಯೇ ನಕಲು ಮಾಡಿ, ಬೇಕಾದ ಕಡೆ ತಿದ್ದಿ, ‘ಸಿದ್ದಾಪುರ ಕಾಪಿ’ ಎಂದು ಕೊಟ್ಟರು. 2016ರಲ್ಲಿ ಅದನ್ನು ಮತ್ತೆ ನಕಲು ಮಾಡಿ ‘ಕುಮಟಾ ಕಾಪಿ’ ಮಾಡಿದರು. ಒಂದೇ ಸಂಘ, ಒಂದೇ ಪ್ಯಾನ್ ಸಂಖ್ಯೆ, ಮೂರು ತಂತ್ರಾಂಶಗಳು. ಇಂಥ ಪ್ರತಿಗಳು ಅವರಲ್ಲಿ ಬೇರೆ ಗ್ರಾಹಕರವೂ ಸೇರಿ ಹಲವಾರು ಇವೆ.

ಆ ದಿನ ಇದು ನಮಗೆ ಅನುಕೂಲವಾಗಿಯೇ ಕಂಡಿತು. 2015ರಲ್ಲಿ ವರದಿಯೊಂದಕ್ಕೆ ಒಂದು ಹೆಚ್ಚಿನ ಕಾಲಂ ಬೇಕೆಂದಾಗ ಎರಡು ದಿನದಲ್ಲಿ, ಉಚಿತವಾಗಿ ಸಿಕ್ಕಿತು. 2024ರಲ್ಲಿ ಅಷ್ಟೇ ಸಣ್ಣ ಕೋರಿಕೆಗೆ ಐದು ವಾರ ಹಿಡಿಯಿತು, ಹದಿನಾಲ್ಕು ಸಾವಿರ ರೂಪಾಯಿಯ ಬಿಲ್ ಬಂತು. ಅವರು ಮೋಸ ಮಾಡಲಿಲ್ಲ. ಈಗ ಅದೇ ಕಾಲಮ್ಮನ್ನು ಮೂರು ಕಡೆ, ಮೂರು ಬಗೆಯಲ್ಲಿ ಬೆಳೆದ ಬರಹದೊಳಗೆ, ಅಂದರೆ ತಂತ್ರಾಂಶದ ಕೋಡಿನೊಳಗೆ, ಹುಡುಕಿ ಸೇರಿಸಿ, ಮೂರು ಸಲ ಪರೀಕ್ಷಿಸಬೇಕಾಗಿತ್ತು.

ಕಂಪ್ಯೂಟರಿನವರು ಇದನ್ನು ‘ತಾಂತ್ರಿಕ ಸಾಲ’ ಎನ್ನುತ್ತಾರೆ. ಹಣಕಾಸು ತಂತ್ರಾಂಶ ಬರೆಯುತ್ತಿದ್ದ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲಿ ಈ ಹೋಲಿಕೆಯನ್ನು ಮುಂದಿಟ್ಟರು: ಬೇಗ ಮುಗಿಸಲೆಂದು ಅರೆಬರೆಯಾಗಿ ಬರೆದದ್ದು ಸಾಲ ತೆಗೆದಂತೆ, ಬೇಗ ತಿದ್ದಿದರೆ ಒಳ್ಳೆಯದೇ, ತಿದ್ದದೆ ಬಿಟ್ಟರೆ ಮುಂದಿನ ಪ್ರತಿ ಕೆಲಸದಲ್ಲೂ ಬಡ್ಡಿ ಕಟ್ಟುತ್ತ ಹೋಗಬೇಕು. ಸಹಕಾರಿ ಸಂಘದಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಸಲನ್ನು ಮುಟ್ಟದೆ ಹಳೆಯ ಸಾಲವನ್ನು ಹೊಸ ಸಾಲದಲ್ಲಿ ಜಮಾ ಮಾಡಿ ಕಾಗದದ ಮೇಲೆ ಚುಕ್ತಾ ತೋರಿಸುವ ಬುಕ್ ಅಡ್ಜಸ್ಟ್‌ಮೆಂಟನ್ನು ನಾವು ಕಂಡವರೇ. ಪ್ರತಿಯಿಂದ ಪ್ರತಿ ಮಾಡುವುದೂ ಅಂಥದೇ ವ್ಯವಹಾರ. ಆದರೆ ಒಂದು ವ್ಯತ್ಯಾಸವಿದೆ. ಒಂದೇ ತಂತ್ರಾಂಶದೊಳಗಿನ ಕಳಪೆ ಬರಹ ಒಂದು ಖಾತೆಯ ಸಾಲ. ಪ್ರತಿಗಳು ಹೆಚ್ಚಾದಾಗ ಆ ಸಾಲ ಪ್ರತಿಯೊಂದರಲ್ಲೂ ಬೇರೆ ಬೇರೆ ದರದಲ್ಲಿ ಬೆಳೆಯುತ್ತದೆ, ಮತ್ತು ಒಟ್ಟು ಬಾಕಿ ಎಷ್ಟೆಂಬುದು ಸಾಲಗಾರನಿಗೂ ಗೊತ್ತಿರುವುದಿಲ್ಲ. ಸಾಲ ತೆಗೆದದ್ದು ಸಂಸ್ಥೆ, ನಿಜ. ಸುಸ್ತಿಯಾದಾಗ ಮನೆ ಬಾಗಿಲಿಗೆ ನೋಟಿಸು ಬಂದದ್ದು ಮಾತ್ರ ಜಾಮೀನು ಹಾಕಿದ ನಮಗೆ.

ಮೊದಲ ನೋಟಿಸು 2020–21ರಲ್ಲಿ ಬಂತು. ದೊಡ್ಡ ವಹಿವಾಟಿನ ಮಾರಾಟಗಾರರು ಒಬ್ಬನೇ ಖರೀದಿದಾರನಿಂದ ವರ್ಷದಲ್ಲಿ 50 ಲಕ್ಷ ರೂಪಾಯಿ ಮೀರಿ ಪಡೆದ ಮೊತ್ತದ ಮೇಲೆ ಮೂಲದಲ್ಲೇ ತೆರಿಗೆ ಸಂಗ್ರಹಿಸಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತ್ತು. ಸಂಸ್ಥೆಯವರು ಮೂರೂ ಪ್ರತಿಗಳಲ್ಲಿ ಅದನ್ನು ಶ್ರದ್ಧೆಯಿಂದಲೇ ಅಳವಡಿಸಿದರು. ಆದರೆ ವ್ಯಾಪಾರಸ್ಥರೊಬ್ಬರು ಶಿರಸಿಯಲ್ಲಿ ಮೂವತ್ತು ಲಕ್ಷದ, ಕುಮಟಾದಲ್ಲಿ ಇಪ್ಪತ್ತೈದು ಲಕ್ಷದ ಮಾಲು ಕೊಂಡಿದ್ದರೆ ಮಿತಿ ದಾಟಿದ್ದನ್ನು ಶಿರಸಿ ಕಾಪಿಯೂ ಕಾಣಲಿಲ್ಲ, ಕುಮಟಾ ಕಾಪಿಯೂ ಕಾಣಲಿಲ್ಲ. ಪ್ರತಿಯೊಂದಕ್ಕೂ ತನ್ನ ಶಾಖೆಯೇ ಲೋಕ. ಪ್ರತಿ ತಿಂಗಳು ಕುಮಟಾದ ಮಾಹಿತಿಯನ್ನು ಪೆನ್‌ಡ್ರೈವಿನಲ್ಲಿ ತುಂಬಿ ದೇವಿಮನೆ ಘಟ್ಟದ ಮೇಲಿನಿಂದ ತರಿಸಿ, ಎಕ್ಸೆಲ್ ಹಾಳೆಯಲ್ಲಿ ಹೆಸರು ಹೆಸರು ಹೊಂದಿಸಿ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹೆಸರುಗಳಾದರೂ ಹೊಂದಿದವೇ? ಶಿರಸಿ ಕಾಪಿಯಲ್ಲಿ ಹೆಸರುಗಳನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರ ಸಂಕೇತದಲ್ಲಿ ತುಂಬಲಾಗಿತ್ತು, ಕುಮಟಾ ಕಾಪಿಯಲ್ಲಿ ಈಗ ಎಲ್ಲೆಡೆ ನಡೆಯುವ ಯೂನಿಕೋಡ್‌ನಲ್ಲಿ. ಕಣ್ಣಿಗೆ ಒಂದೇ ಕಾಣುವ ‘ಗಣಪತಿ ಹೆಗಡೆ’ ಯಂತ್ರಕ್ಕೆ ಸಂಬಂಧವೇ ಇಲ್ಲದ ಇಬ್ಬರು. ಕೊನೆಗೆ ಪ್ಯಾನ್ ಸಂಖ್ಯೆಯನ್ನು ಹಿಡಿದು ಹೊಂದಿಸಿದೆ, ಅದೂ ಕುಮಟಾದ ಕೆಲವು ಖಾತೆಗಳಲ್ಲಿ ಖಾಲಿ ಇತ್ತು. ನಮ್ಮ ಹಿರಿಯ ಗುಮಾಸ್ತರು ನನ್ನ ಪಾಡು ನೋಡಿ, “ತಮಾ, ಇದಕ್ಕಿಂತ ಕೈಬರಹದ ಖಾತೆಯೇ ಲಾಯ್ಕಿತ್ತಲ್ಲ” ಎಂದದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಇದರ ನಡುವೆ ಸಣ್ಣದೊಂದು ವಿನೋದವೂ ನಡೆಯಿತು. ಇದೇ ಸಂಸ್ಥೆ ಕಾರವಾರದ ಕಡೆಯ ಮೀನುಗಾರರ ಸಂಘವೊಂದಕ್ಕೆ ನಮ್ಮ ಕುಮಟಾ ಕಾಪಿಯನ್ನೇ ತಿದ್ದಿ ಕೊಟ್ಟಿತ್ತು. ತೋಟದ ಸರ್ವೆ ನಂಬರಿನ ಜಾಗದಲ್ಲಿ ದೋಣಿಯ ನೋಂದಣಿ ಸಂಖ್ಯೆ, ಲಾಟಿನ ಜಾಗದಲ್ಲಿ ಬುಟ್ಟಿ, ಹೀಗೆ ಎಲ್ಲವನ್ನೂ ಬದಲಿಸಿದವರು ಒಂದು ಕಡೆ ಮರೆತರು. ಅಲ್ಲಿನ ಪರಿಚಯದ ಕಾರ್ಯದರ್ಶಿಯವರು ನನಗೆ ಕಳಿಸಿದ ಬಿಲ್ಲಿನ ಚಿತ್ರದಲ್ಲಿ ಬಂಗಡೆಯ ತೂಕದ ಕೆಳಗೆ ‘ದರ್ಜೆ: ಹೊಸ ಚಾಲಿ’ ಎಂದು ಅಚ್ಚಾಗಿತ್ತು. ನಕ್ಕೆವು, ಆದರೆ ನನಗೆ ನೆನಪಾದದ್ದು ಬೇರೆ ಸಂಗತಿ. ಅದೇ ಕಾರ್ಯದರ್ಶಿಯವರು ಹಮಾಲಿ ಲೆಕ್ಕದಲ್ಲಿ ಪೈಸೆ ಪೂರ್ಣಗೊಳಿಸುವ ತಪ್ಪೊಂದನ್ನು 2021ರಲ್ಲೇ ಪತ್ತೆ ಹಚ್ಚಿ ತಮ್ಮ ಪ್ರತಿಯಲ್ಲಿ ಸರಿಪಡಿಸಿಕೊಂಡಿದ್ದರು. ಆ ತಪ್ಪು ನಮ್ಮ ಕಾಪಿಯಿಂದಲೇ ಅವರಿಗೆ ಹೋದದ್ದು. ತಿದ್ದುಪಡಿ ಮಾತ್ರ ಹಿಂದಿರುಗಿ ಬರಲಿಲ್ಲ. ಎರಡು ವರ್ಷ ತಡವಾಗಿ, ಲೆಕ್ಕ ಪರಿಶೋಧನೆಯಲ್ಲಿ ನಮಗೆ ತಿಳಿಯಿತು.

ಎಲ್ಲಕ್ಕಿಂತ ಕೆಟ್ಟ ದಿನಗಳು 2025ರ ಸೆಪ್ಟೆಂಬರಿನವು. ಜಿಎಸ್‌ಟಿಯ 12 ಮತ್ತು 28 ಶೇಕಡಾ ಹಂತಗಳು ತೆಗೆದುಹೋಗಿ ಹೊಸ ದರಗಳು ಆ ತಿಂಗಳ 22ರಿಂದ, ನವರಾತ್ರಿಯ ಮೊದಲ ದಿನವೇ, ಜಾರಿಗೆ ಬಂದವು. ಅಡಿಕೆಯ ದರ 5 ಶೇಕಡಾ ಇದ್ದದ್ದು ಹಾಗೆಯೇ ಉಳಿದುದರಿಂದ ಟೆಂಡರಿಗೆ ತೊಂದರೆಯಾಗಲಿಲ್ಲ. ಆದರೆ ಸಂಘದ ಕಿರಾಣಿ ಮತ್ತು ಕೃಷಿ ಸಾಮಗ್ರಿ ಮಳಿಗೆಗಳಲ್ಲಿ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ 18ರಿಂದ 5ಕ್ಕೆ, ತುಪ್ಪ ಮತ್ತು ಹನಿ ನೀರಾವರಿ ಸಾಮಗ್ರಿ 12ರಿಂದ 5ಕ್ಕೆ ಇಳಿಯಬೇಕಿತ್ತು. ಶಿರಸಿ ಕಾಪಿಯಲ್ಲಿ ತೆರಿಗೆಯ ದರ ಒಂದು ಕೋಷ್ಟಕದಲ್ಲಿತ್ತು, ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬದಲಾಯಿತು. ಸಿದ್ದಾಪುರದಲ್ಲಿ ಮಧ್ಯಾಹ್ನವಾಯಿತು. ಕುಮಟಾ ಕಾಪಿಯಲ್ಲಿ, ಹಿಂದೆ ಯಾರೋ ಅವಸರದಲ್ಲಿ ಮಾಡಿದ ತಿದ್ದುಪಡಿಯಿಂದಾಗಿ, 12 ಮತ್ತು 18 ಎಂಬ ಅಂಕಿಗಳೇ ಬರಹದ ಹನ್ನೊಂದು ಕಡೆ ಹುದುಗಿದ್ದವು. ಅದನ್ನು ಬರೆದವರು ಸಂಸ್ಥೆ ಬಿಟ್ಟು ಬೆಂಗಳೂರು ಸೇರಿ ವರ್ಷಗಳಾಗಿವೆ. ನಾಲ್ಕು ದಿನ ಕುಮಟಾ ಮಳಿಗೆಯಲ್ಲಿ ಕೈಯಲ್ಲಿ ಬಿಲ್ ಬರೆದರು. ಹಬ್ಬದ ಖರೀದಿಗೆ ಬಂದವರು, ಪತ್ರಿಕೆಯಲ್ಲಿ ಓದಿದ ದರವನ್ನು ಕೇಳುತ್ತ ಸಾಲಿನಲ್ಲಿ ನಿಂತಿದ್ದರು.

ಸಂಸ್ಥೆಯವರಿಗೂ ಬಿಸಿ ತಟ್ಟಿತ್ತು. ಎಲ್ಲ ಪ್ರತಿಗಳನ್ನೂ ಕೂಡಿಸಿ ಒಂದೇ ಮಾಡಿದ ಹೊಸ ಆವೃತ್ತಿಯ ಕೆಲಸವನ್ನು ಅವರು ಅದಕ್ಕೂ ಮೊದಲೇ ಆರಂಭಿಸಿದ್ದರು. ನವೆಂಬರಿನಲ್ಲಿ ಶಿರಸಿ ಮತ್ತು ಸಿದ್ದಾಪುರ ಅದಕ್ಕೆ ಬದಲಾದವು. ಈ ವಿಮರ್ಶೆಯ ನಿಜವಾದ ವಸ್ತು ಅದೇ. ಒಂದು ಬಗೆಯ ತಂತ್ರಾಂಶಗಳನ್ನು ಬಿಡಿಬಿಡಿಯಾಗಿ ನೋಡದೆ ಒಂದು ಕುಟುಂಬವೆಂದು ತಿಳಿದು, ಎಲ್ಲಕ್ಕೂ ಸಮಾನವಾದದ್ದನ್ನು ಮೊದಲು ಗುರುತಿಸಿ, ಆಮೇಲೆ ಒಂದೊಂದರ ವಿಶೇಷಕ್ಕೆ ಹೋಗಬೇಕೆಂದು ತಂತ್ರಾಂಶ ವಿಜ್ಞಾನಿ ಡೇವಿಡ್ ಪಾರ್ನಾಸ್ 1976ರಷ್ಟು ಹಿಂದೆಯೇ ಬರೆದಿದ್ದರು. ಹೊಸ ಆವೃತ್ತಿ ತಡವಾಗಿಯಾದರೂ ಆ ದಾರಿಗೆ ಬಂದಿದೆ. ಸದಸ್ಯರ ಪಟ್ಟಿ ಒಂದೇ, ಎಲ್ಲವೂ ಯೂನಿಕೋಡ್‌ನಲ್ಲಿದೆ, ಎರಡು ಶಾಖೆಗಳ ತಾಳೆಪಟ್ಟಿ ಒಂದು ಗುಂಡಿ ಒತ್ತಿದರೆ ಬರುತ್ತದೆ. ಇಷ್ಟರಿಂದಲೇ ನನ್ನ ತಿಂಗಳಿನ ಮೂರು ದಿನಗಳು ಉಳಿದಿವೆ.

ಆದರೆ ಸಾಲ ತೀರಿತೆಂದು ಹೇಳುವಂತಿಲ್ಲ. ಹೆಚ್ಚಿನ ಪಾಲು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗವಾಗಿದೆ. ಹಳೆಯ ಪ್ರತಿಗಳ ನಡುವಿನ ವ್ಯತ್ಯಾಸಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ವಿಚಾರಿಸುವ ಬದಲು ಎಲ್ಲವನ್ನೂ ಆಯ್ಕೆಗಳನ್ನಾಗಿ ಮಾಡಿ, ಒಂದು ಸೆಟ್ಟಿಂಗ್ ಪುಟದಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ನಾನು ಎಣಿಸಿದಾಗ ಅರವತ್ತಮೂರು ಸ್ವಿಚ್ಚುಗಳಿದ್ದವು. ಪ್ರತಿ ಸ್ವಿಚ್ಚೂ ಜೋಡಣೆಗಳ ಸಂಖ್ಯೆಯನ್ನು ಇಮ್ಮಡಿ ಮಾಡುವುದರಿಂದ, ಒಂದನ್ನೊಂದು ಅವಲಂಬಿಸದ ಸ್ವಿಚ್ಚುಗಳು 20 ಇದ್ದರೆ 10 ಲಕ್ಷಕ್ಕೂ ಹೆಚ್ಚು ಬಗೆಯ ತಂತ್ರಾಂಶಗಳಾಗುತ್ತವೆ. 33 ಇದ್ದರೆ 858 ಕೋಟಿ ದಾಟುತ್ತದೆ, ಅಂದರೆ ಭೂಮಿಯ ಮೇಲಿನ ಒಬ್ಬೊಬ್ಬರಿಗೂ ಒಂದೊಂದು ಬಗೆ ಕೊಟ್ಟು ಇನ್ನೂ ಉಳಿಯುತ್ತದೆ. ಇವನ್ನೆಲ್ಲ ಪರೀಕ್ಷಿಸುವುದು ಯಾರಿಗೂ ಸಾಧ್ಯವಿಲ್ಲ. ಡಿಸೆಂಬರಿನಲ್ಲಿ ಸಿದ್ದಾಪುರದವರು ಕಾಳುಮೆಣಸಿನ ತೇವಾಂಶ ಕಡಿತದ ಸ್ವಿಚ್ಚನ್ನು ಹಾಕಿದಾಗ, ಮೊದಲೇ ಹಾಕಿದ್ದ ‘ಲಾಟ್ ವಿಭಜನೆ’ಯ ಜೊತೆ ಅದು ಸೇರಿ, ಎರಡಾಗಿ ಒಡೆದ ಲಾಟಿನಲ್ಲಿ ಕಡಿತ ಎರಡೆರಡು ಸಲ ಆಯಿತು. ಬೇರೆ ಬೇರೆಯಾಗಿ ಎರಡೂ ಸರಿ ಇದ್ದವು. ರೈತರೊಬ್ಬರು ತಮ್ಮ ಚೀಟಿಯಲ್ಲಿ ಲೆಕ್ಕ ಹಾಕಿಕೊಂಡೇ ಬಂದಿದ್ದರಿಂದ ಅಂದೇ ಸಿಕ್ಕಿಬಿತ್ತು.

ಸ್ವಿಚ್ಚುಗಳು ಹೆಚ್ಚಿದ ಮಾತ್ರಕ್ಕೆ ತಂತ್ರಾಂಶ ಕೆಡಬೇಕೆಂದಿಲ್ಲ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ ಇಂಥ ಆಯ್ಕೆಗಳು 10,000ಕ್ಕೂ ಹೆಚ್ಚಿವೆ, ಆದರೂ ಅದು ಫೋನಿನಿಂದ ಸೂಪರ್ ಕಂಪ್ಯೂಟರಿನವರೆಗೆ ನಡೆಯುತ್ತಿದೆ. ಅಲ್ಲಿ ಯಾವ ಆಯ್ಕೆಗೆ ಯಾವುದು ಆಧಾರ, ಯಾವುದರ ಜೊತೆ ಯಾವುದು ಕೂಡದು ಎಂಬುದನ್ನು ಕೆ-ಕಾನ್ಫಿಗ್ ಎಂಬ ಪ್ರತ್ಯೇಕ ಭಾಷೆಯಲ್ಲಿ ಬರೆದಿಡುತ್ತಾರೆ, ಮನಬಂದಂತೆ ಆರಿಸಿದ ಜೋಡಣೆಗಳನ್ನು ಯಂತ್ರಗಳೇ ಬಿಡುವಿಲ್ಲದೆ ಕಟ್ಟಿ ನೋಡುತ್ತವೆ. ನಮ್ಮ ತಂತ್ರಾಂಶದಲ್ಲಿ ಆ ತಿಳಿವಳಿಕೆ ಇರುವುದು ಇಬ್ಬರ ತಲೆಯಲ್ಲಿ. ಅವರಲ್ಲಿ ಒಬ್ಬರಿಗೆ ಮೇ ತಿಂಗಳಲ್ಲಿ ಮದುವೆ ಎಂದು ತಿಳಿದಾಗ ಆಡಳಿತ ಮಂಡಳಿಯವರು ಸಂತೋಷಪಟ್ಟರು, ನಾನು ಅರ್ಧ ಸಂತೋಷಪಟ್ಟೆ.

ಬಳಕೆಯಲ್ಲಿಲ್ಲದ ಬರಹವನ್ನು ಹಾಗೆಯೇ ಬಿಡುವುದರ ಬಗ್ಗೆಯೂ ನಾನು ಅವರೊಂದಿಗೆ ವಾದಿಸಿದ್ದೇನೆ. ಮೇಲೆ ಹೇಳಿದ ತೆರಿಗೆ ಸಂಗ್ರಹದ ನಿಯಮ 2025ರ ಏಪ್ರಿಲ್ 1ರಿಂದ ರದ್ದಾಗಿದೆ, ಅದರ ಸ್ವಿಚ್ ಮಾತ್ರ ಹೊಸ ಆವೃತ್ತಿಯಲ್ಲೂ ಇದೆ. “ಇದ್ದರೆ ಇರಲಿ ಬಿಡಿ ಸರ್, ಏನೂ ತೊಂದರೆ ಇಲ್ಲ” ಎಂಬುದು ಅವರ ಉತ್ತರ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ದಲ್ಲಾಳಿ ಸಂಸ್ಥೆಯಲ್ಲೂ 2003ರಲ್ಲಿ ಬಳಕೆ ನಿಂತ ಬರಹವೊಂದು ಹಾಗೆಯೇ ಇತ್ತು. 2012ರ ಆಗಸ್ಟ್ 1ರಂದು, ಅದರ ಹಳೆಯ ಸ್ವಿಚ್ಚನ್ನೇ ಹೊಸ ಕೆಲಸಕ್ಕೆ ಬಳಸಿಕೊಂಡ ಆವೃತ್ತಿ 8 ಸರ್ವರುಗಳ ಪೈಕಿ 7ಕ್ಕೆ ಮಾತ್ರ ಹೋಗಿತ್ತು. ಎಂಟನೆಯದರಲ್ಲಿ ಹಳೆಯ ಬರಹ ಎದ್ದು ಕುಳಿತು ಷೇರುಗಳನ್ನು ಕೊಳ್ಳುತ್ತ ಮಾರುತ್ತ ಹೋಗಿ, 45 ನಿಮಿಷಗಳಲ್ಲಿ ಸಂಸ್ಥೆಗೆ 44 ಕೋಟಿ ಡಾಲರಿಗೂ ಹೆಚ್ಚಿನ ನಷ್ಟವಾಯಿತು. ನಮ್ಮ ಸಂಘದಲ್ಲಿ ಅಷ್ಟು ಹಣವಿಲ್ಲ ಎಂಬುದಷ್ಟೇ ನಮಗಿರುವ ರಕ್ಷಣೆ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟ ಗಣಕೀಕರಣ ಯೋಜನೆ ಇದಕ್ಕೆ ಎದುರು ದಿಕ್ಕಿನಿಂದ ಹೊರಟಿತು: 63,000 ಸಂಘಗಳು, 2,516 ಕೋಟಿ ರೂಪಾಯಿ, ಎಲ್ಲರಿಗೂ ಒಂದೇ ತಂತ್ರಾಂಶ, ಆಯಾ ರಾಜ್ಯದ ಅಗತ್ಯಕ್ಕೆ ತಕ್ಕ ಬದಲಾವಣೆಗೆ ಅವಕಾಶ. ನಮ್ಮದು ಮಾರಾಟ ಸಂಘವಾದ್ದರಿಂದ ನಾವು ಅದರ ಒಳಗೆ ಬರುವುದಿಲ್ಲ. ವ್ಯತ್ಯಾಸ ಎಲ್ಲಿರಬಹುದು ಎಂಬುದನ್ನು ಮೊದಲೇ ಗೆರೆ ಎಳೆದು ಹೇಳಿರುವುದು ಆ ಕ್ರಮದಲ್ಲಿ ನನಗೆ ಹಿಡಿಸಿದ ಅಂಶ. 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಾಯಿತ ಸಂಘಕ್ಕೂ 1997ರ ಸೌಹಾರ್ದ ಕಾಯ್ದೆಯಡಿಯ ಸಹಕಾರಿಗೂ ಕಾನೂನಿನಲ್ಲೇ ಭೇದವಿದೆ, ಅದಕ್ಕೆ ಸ್ವಿಚ್ ಬೇಕೇ ಬೇಕು. ಕುಮಟಾದ ಬಿಲ್ಲಿನಲ್ಲಿ ಸಂಘದ ಮುದ್ರೆ ಎಡಕ್ಕಿರಬೇಕು, ಶಿರಸಿಯಲ್ಲಿ ನಡುವೆ ಇರಬೇಕು ಎಂಬುದಕ್ಕೆ ಬೇಕಿರಲಿಲ್ಲ. ಆ ಸ್ವಿಚ್ ಇದೆ, ಸಂಖ್ಯೆ ಹದಿನೇಳು.

ಕೊಳ್ಳುವವರಿಗೆ ಹೇಳುವುದಾದರೆ, ಒಂದೇ ಕಚೇರಿ, ಒಂದೇ ಬಗೆಯ ವ್ಯವಹಾರವಿರುವ ಸಂಘವು ಈ ಹೊಸ ಆವೃತ್ತಿಯನ್ನು ನಿಶ್ಚಿಂತೆಯಿಂದ ತೆಗೆದುಕೊಳ್ಳಬಹುದು. ಟೆಂಡರ್ ವಿಭಾಗವೊಂದಕ್ಕೇ ಕೊಟ್ಟ ಹಣ ಸಲ್ಲುತ್ತದೆ. ಶಾಖೆಗಳಿರುವ ಸಂಘಗಳು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ತಮ್ಮದು ಎಷ್ಟನೆಯ ಪ್ರತಿ, ಬೇರೆ ಗ್ರಾಹಕರಲ್ಲಿ ಸರಿಪಡಿಸಿದ ತಪ್ಪು ತಮ್ಮಲ್ಲಿಗೆ ಎಷ್ಟು ದಿನದಲ್ಲಿ ಬರುತ್ತದೆ, ಯಾವ ಸ್ವಿಚ್ಚುಗಳ ಜೋಡಣೆಯನ್ನು ಪರೀಕ್ಷಿಸಿ ಕೊಡುತ್ತಾರೆ ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ನಾವು ಹನ್ನೊಂದು ವರ್ಷ ಬೆಲೆಯಲ್ಲಿ ಚೌಕಾಸಿ ಮಾಡಿದೆವೇ ಹೊರತು ಇದನ್ನು ಕೇಳಲಿಲ್ಲ. ಹೊಸ ಆವೃತ್ತಿಗೆ ಹತ್ತಕ್ಕೆ ಆರು ಅಂಕ. ಕುಮಟಾ ಶಾಖೆ ಏಪ್ರಿಲ್‌ನಲ್ಲಿ ಅದಕ್ಕೆ ಬದಲಾಗಲಿದೆ, ಆಮೇಲೆ ಈ ಅಂಕವನ್ನು ಮತ್ತೆ ನೋಡಬೇಕು.

ಸ್ವಿಚ್ಚುಗಳ ಪಟ್ಟಿಯ ಕೊನೆಯಲ್ಲಿ ‘ಶಿರಸಿ ವಿಶೇಷ – 2’ ಎಂಬುದೊಂದಿದೆ. ಅದು ಏನು ಮಾಡುತ್ತದೆಂದು ಸಂಸ್ಥೆಯವರನ್ನು ಕೇಳಿದರೆ, ನಿಮ್ಮ ಹಳೆಯ ಕಾಪಿಯಲ್ಲಿತ್ತು, ಹಾಗಾಗಿ ಹಾಕಿದ್ದೇವೆ ಎಂದರು. ಕಳೆದ ವಾರ ಹಳೆಯ ಪತ್ರವ್ಯವಹಾರದ ಕಡತ ತೆಗೆದಾಗ 2016ರ ನವೆಂಬರಿನ ನಮ್ಮ ಪತ್ರವೊಂದು ಸಿಕ್ಕಿತು. ನೋಟು ರದ್ದತಿಯಾಗಿ ಉಳಿತಾಯ ಖಾತೆಯಿಂದ ವಾರಕ್ಕೆ 24,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲದ ದಿನಗಳವು. ರೈತರ ಬಿಲ್ಲಿನ ಹಣವನ್ನು ಆ ಮಿತಿಗೆ ತಕ್ಕಂತೆ ಕಂತುಗಳಲ್ಲಿ ಒಡೆದು ಖಾತೆಯಲ್ಲಿ ತೋರಿಸುವ ತಾತ್ಕಾಲಿಕ ಏರ್ಪಾಡೊಂದನ್ನು ಎರಡು ತಿಂಗಳ ಮಟ್ಟಿಗೆ ಮಾಡಿಕೊಡಬೇಕೆಂದು ಅದರಲ್ಲಿ ಕೋರಲಾಗಿತ್ತು. ಕೆಳಗಿದ್ದ ಸಹಿ ನನ್ನದು. ಮಾರ್ಚ್ ಲೆಕ್ಕ ಮುಗಿದ ಮೇಲೆ ಅದನ್ನು ತೆಗೆದುಹಾಕುವಂತೆ ಮೊನ್ನೆ ಪತ್ರ ಬರೆದಿದ್ದೇನೆ; ಈ ಸಲ ದಿನಾಂಕವನ್ನೂ ನಮೂದಿಸಿದ್ದೇನೆ.